ಬಿಟ್ಟಿ ಫೋನಿನಲ್ಲಿ ಹಸು ಕೊಂಡದ್ದು

ಆ ಹಸುವನ್ನು ನನಗೆ ದೇವರು ಕೊಡಲಿಲ್ಲ, ಗಂಡನೂ ಕೊಡಿಸಲಿಲ್ಲ. ಬೋರೇಗೌಡರ ಹೆಂಡತಿ ನನ್ನ ಮಾತನ್ನು ಕದ್ದು ಕೇಳುತ್ತಿದ್ದಳು, ಅವಳಿಗೆ ಏನು ಕೇಳಿಸಬೇಕೋ ಅದನ್ನು ನಾನು ಕೇಳಿಸಿದೆ, ಹಸು ನನ್ನ ಕೊಟ್ಟಿಗೆಗೆ ಬಂತು. ನಡೆದದ್ದು ಇಷ್ಟೆ. ಊರಲ್ಲಿ ಈಗಲೂ ಕೆಲವರು ಚಿಕ್ಕತಾಯಮ್ಮನ ಅದೃಷ್ಟ ಅಂತಾರೆ. ಅಂದುಕೊಳ್ಳಲಿ. ಅದೃಷ್ಟವಾಗಿದ್ದರೆ ಮೊದಲನೇ ಸಲವೇ ಬರಬೇಕಿತ್ತು, ಮೂರನೇ ಸಲದವರೆಗೆ ಕಾಯಿಸುವ ಅದೃಷ್ಟ ಎಂಥಾದ್ದು.

ಇದು ನೆನಪಿಗೆ ಬಂದದ್ದು ಮೊನ್ನೆ ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ನಿನಲ್ಲಿ. ನಾನು, ಮೊಮ್ಮಗಳು ಚೈತ್ರ ರೈಲಿಗೆ ಕಾಯುತ್ತಾ ಕೂತಿದ್ದೆವು. ರೈಲು ತಡ. ಅವಳು ಮೊಬೈಲನ್ನು ಒತ್ತುತ್ತಾ, "ಇಲ್ಲಿ ವೈಫೈ ಬಿಟ್ಟಿ ಕಣಜ್ಜಿ" ಅಂದಳು.

"ಬಿಟ್ಟಿ ಅಂದ್ಮೇಲೆ ಮನೆ ಕರೆಂಟ್ ಬಿಲ್ಲೂ ಇಲ್ಲೇ ಕಟ್ಬುಡು" ಅಂದೆ.

"ದುಡ್ಡಿನ್ ಕೆಲಸ ಇಲ್ಲಿ ಮಾಡಬಾರ್ದಜ್ಜಿ. ಊರೋರೆಲ್ಲ ಓಡಾಡೋ ದಾರಿ ಇದು. ಯಾರಾರ ಇಣುಕಿ ನೋಡಿದ್ರೆ? ಹಾಡು ಕೇಳ್ಬೋದು, ಅಡುಗೆ ಮಾಡೋದ್ ನೋಡ್ಬೋದು, ಅಷ್ಟೆ. ದುಡ್ಡು ಕಟ್ಬೇಕಾದ್ರೆ ನನ್ ಸ್ವಂತ ಸಿಮ್ಮಲ್ಲಿ ಕಟ್ತೀನಿ."

ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹೆಚ್ಚುಕಡಿಮೆ ಒಂದೇ ಥರದ ಎರಡು ಹೆಸರು ಅಲ್ಲಿದ್ದವು. ಒಂದು ಸ್ಟೇಷನ್ನಿನದಂತೆ, ಇನ್ನೊಂದು ಯಾರೋ ಗಾಳ ಹಾಕಿಕೊಂಡು ಕೂತಿರಬಹುದಂತೆ. ಅದಕ್ಕೇ ಮೊದಲು ಟಿಕೆಟ್ ಕೊಡುವವರ ಹತ್ತಿರ ಹೋಗಿ ಯಾವುದು ನಿಮ್ಮದು ಅಂತ ಕೇಳಿಕೊಂಡು ಬಂದಳಂತೆ. ನೋಡಿ ಮುಗಿದ ಮೇಲೆ ಏನನ್ನೋ ಒತ್ತಿ ಆ ಹೆಸರನ್ನು ಮೊಬೈಲಿನಿಂದ ತೆಗೆದುಹಾಕಿದಳು. ಇಲ್ಲದಿದ್ದರೆ ಇನ್ನೊಂದು ಸಲ ಬಂದಾಗ ಕೇಳದೆಯೇ ಅಂಟಿಕೊಳ್ಳುತ್ತದಂತೆ. ಎಳೆಗರುವಿಗೆ ನೀರು ಕುಡಿಯುವುದನ್ನು ಕಲಿಸುವ ಹಾಗೆ ನನಗೆ ನಿಧಾನವಾಗಿ ಹೇಳಿಕೊಟ್ಟಳು. ನಾನೂ ಹೂಂ ಹೂಂ ಅಂದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಅಕ್ಷರಗಳು ಈಗಲೂ ಸೊಟ್ಟಗೇ ಬರುತ್ತವೆ. ಆದರೆ ಹತ್ತು ಜನ ಬಳಸುವ ಬಿಟ್ಟಿ ತಂತಿಯ ಮೇಲೆ ಏನು ಆಡಬೇಕು, ಏನು ಆಡಬಾರದು ಅನ್ನುವ ಪರೀಕ್ಷೆಯನ್ನು ಇವಳ ಅಮ್ಮನಿಗೆ ಮದುವೆಯಾಗುವ ಮೊದಲೇ ಪಾಸು ಮಾಡಿದ್ದೇನೆ.

ಆಗ ತೊಂಬತ್ತರ ದಶಕ. ಕ್ಯಾತನಹಳ್ಳಿ ಪಕ್ಕದ ನಮ್ಮೂರಿಗೆ ಮೊದಲ ಫೋನು ಬಂದದ್ದು ಬೋರೇಗೌಡರ ಮನೆಗೆ. ಅವರದ್ದು ಆಲೆಮನೆ. ಬೆಲ್ಲದ ಧಾರಣೆ ಕೇಳುವುದಕ್ಕೆ ಅಂತ ಹಾಕಿಸಿಕೊಂಡರು. ಮನುಷ್ಯ ಒಳ್ಳೆಯವನು. ಬೇರೆ ಊರುಗಳಲ್ಲಿ ಫೋನಿಗೆ ಬೀಗ ಹಾಕಿ ಬೀರುವಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಇವರು ಜಗಲಿಯ ಮೇಲೆ ಒಂದು ಸ್ಟೂಲು ಹಾಕಿ, ಹೆಂಡತಿ ಗೌರಮ್ಮ ಹೆಣೆದ ಬಟ್ಟೆ ಹಾಸಿ, ಅದರ ಮೇಲೆ ಇಟ್ಟರು. "ಯಾರ್ ಬೇಕಾರೂ ಮಾತಾಡ್ಕಳಿ. ಕುಡಿಯೋ ನೀರ್ಗೆ ಕಾಸು ಇಸ್ಕಂಡಾರಾ?" ಅಂದರು. ಊರಿನವರು ಅದಕ್ಕೆ ಧರ್ಮದ ಫೋನು ಅಂತಲೇ ಹೆಸರಿಟ್ಟರು.

ಧರ್ಮದ್ದು ಅಂದಮೇಲೆ ನಾವು ಬಿಡುತ್ತೇವೆಯೆ. ನೆಂಟರಿಷ್ಟರಿಗೆಲ್ಲ ಆ ನಂಬರು ಕೊಟ್ಟೆವು. ಹೋದಾಗಲೆಲ್ಲ ಯಾರಾದರೊಬ್ಬರು ಎರಡೂ ಕೈಯಲ್ಲಿ ರಿಸೀವರು ಹಿಡಿದು, ಕೆ.ಆರ್.ಎಸ್. ಕಟ್ಟೆಯ ಆಚೆ ದಡದವರನ್ನು ಕರೆಯುವ ಹಾಗೆ ಕೂಗುತ್ತಿದ್ದರು. ನಾನೇನೂ ಕಡಿಮೆಯಿಲ್ಲ. ನಾನು ಮಾತಾಡಿದರೆ ಆಲೆಮನೆಯಲ್ಲಿ ಕಬ್ಬು ಅರೆಯುವವರೂ ತಲೆ ಎತ್ತುತ್ತಿದ್ದರಂತೆ. ಫೋನಿಗೆ ಇನ್ನೊಬ್ಬರ ಎಂಜಲು ತಾಗಿರುತ್ತದೆ ಅಂತ ನಾವು ಹೆಂಗಸರು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಆಮೇಲೆ ಹಿಡಿಯುತ್ತಿದ್ದೆವು. ಎಂಜಲಿಗೆ ಹೆದರಿದ ಹಾಗೆ ಕಿವಿಗೆ ಹೆದರಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ನಮ್ಮ ಪಕ್ಕದ ಮನೆ ಮಾದಮ್ಮನ ಕಥೆ ಕೇಳಿ. ಪಾಂಡವಪುರದ ಬೀಗಿತ್ತಿ ಜೊತೆ ಜೇನು ಸುರಿಯುವ ಹಾಗೆ ಮಾತಾಡಿ ಮುಗಿಸಿದಳು. ಮುಗಿಸಿ ರಿಸೀವರನ್ನು ಅದರ ಜಾಗದಲ್ಲಿ ಇಡದೆ, ಸಾರಿನ ಸೌಟು ಇಡುವ ಹಾಗೆ ಪಕ್ಕಕ್ಕೆ ಅಡ್ಡ ಮಲಗಿಸಿದಳು. ಆಮೇಲೆ ಜಗಲಿಯಲ್ಲಿ ಕೂತಿದ್ದ ನಮ್ಮ ಕಡೆ ತಿರುಗಿ, "ಅವ್ಳ್ ಬಾಯಿಗೆ ಬೆಂಕಿ ಆಕ, ಕೊಟ್ಟಿದ್ ಬೆಳ್ಳಿ ಲೋಟ ತಗಡು ಕಣ್ರೇ" ಅಂತ ಶುರು ಮಾಡಿ, ಬೀಗಿತ್ತಿಯ ನಡೆ, ನುಡಿ, ಮೂಗು ಎಲ್ಲ ಆಯಿತು. ಕಟ್ ಆಗದ ಫೋನಿನಲ್ಲಿ ಬೀಗಿತ್ತಿ ಕೊನೆಯವರೆಗೂ ಕೇಳಿಸಿಕೊಂಡಳು. ಆ ವರ್ಷ ಮಾದಮ್ಮನ ಮಗಳನ್ನು ಹಬ್ಬಕ್ಕೆ ತವರಿಗೆ ಕಳಿಸಲೇ ಇಲ್ಲ. ಮುಗಿದ ಮೇಲೆ ತೆಗೆದುಹಾಕಬೇಕು ಅಂತ ಚೈತ್ರ ಅಂದಳಲ್ಲ, ನನಗೆ ಥಟ್ಟನೆ ಮಾದಮ್ಮ ನೆನಪಾದಳು.

ವಿಚಿತ್ರ ಏನು ಗೊತ್ತೆ? ಗುಟ್ಟು ಇಟ್ಟುಕೊಳ್ಳುವುದು ನಮಗೆ ಬಾರದ ವಿದ್ಯೆ ಅಲ್ಲ. ನಮ್ಮ ಕಡೆ ದನದ ವ್ಯಾಪಾರ ನೋಡಿದ್ದೀರಾ? ಕೊಳ್ಳುವವನೂ ಮಾರುವವನೂ ಬಾಯಲ್ಲಿ ಬೆಲೆ ಆಡುವುದಿಲ್ಲ. ಕೈಗಳ ಮೇಲೆ ಒಂದು ಟವೆಲ್ ಹಾಕಿಕೊಂಡು, ಅದರ ಅಡಿಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳೇ ಬೆಲೆ. ಪಕ್ಕದಲ್ಲಿ ನಿಂತ ಸ್ವಂತ ಅಣ್ಣನಿಗೂ ಗೊತ್ತಾಗುವುದಿಲ್ಲ. ಟವೆಲ್ ಅಡಿ ಅಷ್ಟು ಹುಷಾರಾಗಿದ್ದ ಜನ ಫೋನು ಕೈಗೆ ಬಂದಕೂಡಲೇ ಯಾವ ಊರು, ಯಾರ ಮನೆ, ಯಾವ ಹಸು, ಎಷ್ಟಕ್ಕೆ ಬರುತ್ತದೆ ಅಂತ ಜಗಲಿಯಲ್ಲಿ ನಿಂತು ಸಾರಿದೆವು. ಫೋನಿಗೂ ಒಂದು ಟವೆಲ್ ಬೇಕು ಅಂತ ತಿಳಿಯದೇ ಹೋಯಿತು.

ನನಗೆ ಆಗ ಹಸು ಬೇಕಿತ್ತು, ಅದೂ ಬೇಗ. ಕೆ.ಆರ್.ಎಸ್. ನೀರಾವರಿ ಕ್ವಾರ್ಟರ್ಸಿನವರಿಂದ ಕೊಂಡಿದ್ದ ನನ್ನ ಸೀಮೆಹಸು ಹೊಟ್ಟೆ ಉಬ್ಬರಿಸಿ ಸತ್ತಿತು. ಅತ್ತು ಕೂರುವವಳು ನಾನಲ್ಲ, ಹಸು ಸತ್ತರೆ ಇನ್ನೊಂದು ಹಸು ತರಬೇಕು. ಡೇರಿಯಲ್ಲಿ ಹಾಲು ಹಾಕುವ ಮೆಂಬರು ನಾನು. ಆ ಮನೆಯಲ್ಲಿ ನನ್ನ ಹೆಸರಿನಲ್ಲಿದ್ದದ್ದು ಅದೊಂದೇ. ಹಾಲು ನಿಂತರೆ ಅದೂ ಹೋಗುತ್ತದೆ, ಒಂದು ಕುಪ್ಪಸ ಹೊಲಿಸುವುದಕ್ಕೂ ಗಂಡನ ಮುಖ ನೋಡಬೇಕು.

ನಮ್ಮ ಮನೆಯವರು ಗಡುವು ಕೊಟ್ಟರು. "ಸಂಕ್ರಾಂತಿ ಗಂಟ ನೋಡ್ತೀನಿ. ಕಿಚ್ಚು ಹಾಯ್ಸೋಕೆ ಒಂದ್ ಬಾಲ ಇಲ್ದಿದ್ರೆ ಕೊಟ್ಗೆ ಸುಮ್ನೆ ಯಾಕೆ? ಶಿವಣ್ಣಂಗೆ ಬಾಡ್ಗೆಗೆ ಕೊಟ್ಬುಡ್ತೀನಿ."

ಶಿವಣ್ಣ ದನದ ದಲ್ಲಾಳಿ. ಗೌರಮ್ಮನ ತಮ್ಮ. ಅಕ್ಕನ ಮನೆಯಲ್ಲೇ ಠಿಕಾಣಿ. ನಮ್ಮ ಕೊಟ್ಟಿಗೆ ರಸ್ತೆಗೆ ಅಂಟಿಕೊಂಡಂತಿತ್ತು, ದನ ಇಳಿಸುವುದಕ್ಕೂ ಹತ್ತಿಸುವುದಕ್ಕೂ ಸಲೀಸು. ಅದರ ಮೇಲೆ ಅವನಿಗೆ ಮೊದಲಿಂದ ಕಣ್ಣು. ಒಂದು ಸಲ ಬಾಡಿಗೆಗೆ ಹೋದ ಕೊಟ್ಟಿಗೆ ವಾಪಸ್ಸು ನನ್ನದಾಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ತಮ್ಮ ಕಿಟ್ಟ ಹೊಸಹೊಳಲಿನಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲು ಇಟ್ಟಿದ್ದ. ಟೀ ಕುಡಿಯಲು ಬಂದವರು ಕೆ.ಆರ್. ಪೇಟೆ ತಾಲ್ಲೂಕಿನ ದನಕರುಗಳ ಸುದ್ದಿಯನ್ನೆಲ್ಲ ಅಲ್ಲಿ ಬಿಟ್ಟು ಹೋಗುತ್ತಿದ್ದರು. ಒಳ್ಳೆಯ ಹಸು ಇದೆ ಅಂತ ತಿಳಿದರೆ ಎಸ್.ಟಿ.ಡಿ. ಬೂತಿನಿಂದ ಧರ್ಮದ ಫೋನಿಗೆ ಕರೆ ಮಾಡುತ್ತಿದ್ದ. ಮೊದಲನೆಯದು ಚಿನಕುರಳಿ ಕಡೆ. ನಾನು ಹೋಗುವಷ್ಟರಲ್ಲಿ ಗೂಟ ಖಾಲಿ. "ನೆನ್ನೆ ಸಂಜೇನೇ ಶಿವಣ್ಣ ಬಂದು ಒಡ್ಕಂಡೋದ್ನಲ್ಲವ್ವಾ" ಅಂದರು. ಎರಡನೆಯದು ಅಕ್ಕಿಹೆಬ್ಬಾಳಿನ ಹತ್ತಿರ. ಅಲ್ಲೂ ಶಿವಣ್ಣ.

ಮನೆಯವರು ನಕ್ಕರು. "ನೀನು ಬಸ್ಸಿಗ್ ಕಾಯ್ತೀಯ, ಅವ್ನು ಸ್ಕೂಟ್ರಲ್ಲಿ ಓಯ್ತಾನೆ. ದಲ್ಲಾಳಿ ಅಂದ್ರೆ ಮೂಗು ಇರ್ತದೆ ಕಣೆ, ವಾಸನೆ ಇಡೀತಾನೆ."

ನಾನೂ ಮೂಗೇ ಇರಬೇಕು ಅಂದುಕೊಂಡೆ. ಕಿವಿ ಅಂತ ಗೊತ್ತಾದದ್ದು ಮೂರನೇ ಫೋನು ಬಂದಾಗ. ಬೂತಿನಲ್ಲಿ ಮೀಟರು ಓಡುತ್ತದೆ ಅಂತ ಕಿಟ್ಟ ಯಾವಾಗಲೂ ಅವಸರದಲ್ಲಿರುತ್ತಿದ್ದ. ಅವತ್ತು "ಅಕ್ಕಾ, ಒಂದ್ ಒಳ್ಳೇ ಅಸ..." ಅಂತ ಶುರು ಮಾಡಿದವನು ನಿಲ್ಲಿಸಿ, "ಇದೇನಕ್ಕಾ, ಒಗ್ಗರಣೆ ಆಕ್ತಾ ಫೋನ್ ಮಾತಾಡ್ತಾ ಇದ್ದೀಯ?" ಅಂದ.

ನಾನು ನಿಂತಿದ್ದು ಜಗಲಿಯಲ್ಲಿ. ನನ್ನ ಮುಂದಿದ್ದದ್ದು ಸ್ಟೂಲು ಮತ್ತು ಮಲಗಿದ್ದ ಒಂದು ನಾಯಿ. ಆದರೆ ಅವನು ಹೇಳಿದ ಮೇಲೆ ನನಗೂ ಕೇಳಿಸಿತು. ರಿಸೀವರಿನ ಒಳಗೆ ಸಾಸಿವೆ ಚಟಪಟ ಅನ್ನುತ್ತಿತ್ತು, ಕರಿಬೇವು ಬಿದ್ದದ್ದೂ ಗೊತ್ತಾಯಿತು.

"ಕಿಟ್ಟ, ಫೋನಿಡ್ಲಾ" ಅಂದೆ.

"ಯಾಕಕ್ಕಾ, ಇನ್ನೂ ಹೇಳೇ ಇಲ್ಲ..."

"ಇಡು ಅಂದ್ನಲ್ಲ, ಇಡು."

ನೀರು ಕೇಳುವ ನೆಪದಲ್ಲಿ ಸೀದಾ ಅಡುಗೆಮನೆಗೆ ಹೋದೆ. ಒಲೆಯ ಪಕ್ಕದ ಗೋಡೆಗೆ ಇನ್ನೊಂದು ಫೋನು, ಕೆಂಪನೆಯದು. ತಂತಿ ತೊಲೆಯ ಮೇಲಿಂದ ಹಾದು ಜಗಲಿಯ ಕಡೆಗೇ ಹೋಗಿತ್ತು. ಗೌರಮ್ಮ ಆಗ ತಾನೇ ಅದರಿಂದ ಕೈ ತೆಗೆದು ಬಾಣಲೆಗೆ ಸೌಟು ಹಾಕುತ್ತಿದ್ದಳು. "ಇದ್ಯಾವಾಗ ಬಂತವ್ವ?" ಅಂದೆ. "ನಮ್ಮ್ ಶಿವಣ್ಣ ಆಕ್ಸ್‌ಕೊಟ್ಟ. ಅಡಿಗೆ ಬುಟ್ಟು ಓಡೋಗದು ಬ್ಯಾಡ ಅಂತ" ಅಂದಳು. ಚೆಂದಾಗಿದೆ ಅಂತ ಹೇಳಿ, ನೀರು ಕುಡಿದು, ಲೋಟ ತೊಳೆದಿಟ್ಟು ಬಂದೆ. ಜಗಳ ಆಡಲಿಲ್ಲ. ಬಾಯಿ ಬಿಟ್ಟಿದ್ದಕ್ಕೇ ತಾನೆ ಎರಡು ಹಸು ಹೋದದ್ದು. ಜಗಳ ಆಡಿದ್ದರೆ ಗೌರಮ್ಮ ಇಲ್ಲ ಅನ್ನುತ್ತಿದ್ದಳು, ಶಿವಣ್ಣ ಹುಷಾರಾಗುತ್ತಿದ್ದ, ನಾನು ಧರ್ಮದ ಫೋನಿಗೆ ಕಲ್ಲು ಹಾಕಿದವಳು ಅನ್ನಿಸಿಕೊಳ್ಳುತ್ತಿದ್ದೆ. ಕೊಟ್ಟಿಗೆಯಂತೂ ಹೋಗುತ್ತಿತ್ತು.

ಮಾರನೆಯ ದಿನ ಬಸ್ಸು ಹತ್ತಿ ಹೊಸಹೊಳಲಿಗೆ ಹೋದೆ. ಕಿಟ್ಟನ ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ಕಿಟ್ಟನಿಗೆ ರಕ್ತ ಕುದಿಯಿತು. "ಆ ಶಿವಣ್ಣನ್ನ ಇಡ್ಕಂಡ್ ನಾಕ್ ಬುಡ್ತೀನಿ" ಅಂದ.

"ನಾಕ್ ಬುಟ್ರೆ ಅಸ ಬತ್ತದಾ? ಸುಮ್ಕಿರು. ಮೊದ್ಲು ಆ ಅಸದ ಸಮಾಚಾರ ಹೇಳು."

ಹಸು ಅದೇ ಊರಿನ ಪುಟ್ಟಲಕ್ಷ್ಮಮ್ಮ ಅನ್ನುವ ಮುದುಕಿಯದು. ಮೊಣಕಾಲು ನೋವು, ಇನ್ನು ಹಾಲು ಕರೆಯಲು ಆಗುವುದಿಲ್ಲ ಅಂತ ಮಾರುತ್ತಿದ್ದಳು. ಆದರೆ ತುಂಬಿದ ಗಬ್ಬ. ಕರು ಹಾಕಿದ ಮೇಲೇ ಕೊಡುವುದು, ಮೊದಲು ಬಂದವರಿಗೆ ಕೊಡುವುದು ಅಂತ ಮುದುಕಿಯ ಹಟ. ಹಾಗಾಗಿ ಕರು ಹಾಕಿದ ಸುದ್ದಿ ನನಗೆ ತಕ್ಷಣ ಮುಟ್ಟಬೇಕು. ಮುಟ್ಟಿಸುವುದಕ್ಕೆ ಇದ್ದದ್ದು ಅದೇ ಧರ್ಮದ ಫೋನು.

"ಬೇರೆ ಯಾವ್ದಾರ ಅಸ ಐತಾ, ದೂರದಲ್ಲಿ?" ಅಂದೆ.

ಕಿಟ್ಟ ಯೋಚಿಸಿ ನಕ್ಕ. "ನಾಗಮಂಗಲದಿಂದಾಚೆ ಒಂದದೆ. ನೋಡಕ್ಕೆ ಮಾಲಕ್ಷ್ಮಿ. ಒದ್ರೆ ಮಾತ್ರ ಆಲಿನ್ ಚೊಂಬು ಸೂರಿನ್ ಮ್ಯಾಲ್ ಓಗಿ ಕೂತ್ಕತದೆ. ಕೊಂಡೋರೆಲ್ಲ ವಾಪಸ್ ಬುಟ್ಟವ್ರೆ."

"ಅದೇ ಇರ್ಲಿ" ಅಂದೆ.

ಅಲ್ಲಿಗೆ ಮಾತಾಯಿತು. ಹೊಸಹೊಳಲಿನ ಹೆಸರು ಫೋನಿನಲ್ಲಿ ಇನ್ನು ಬರಕೂಡದು. ಪುಟ್ಟಲಕ್ಷ್ಮಮ್ಮನ ಹಸು ಕರು ಹಾಕಿದ ದಿನ ಕಿಟ್ಟ ಫೋನು ಮಾಡಿ ನಾಗಮಂಗಲದ ಹಸುವನ್ನು ಹೊಗಳಬೇಕು. ನಾನು ಅದನ್ನು ಕೇಳಿ ಹೊಸಹೊಳಲಿಗೆ ಹೊರಡಬೇಕು. ಕೇಳುವ ಕಿವಿ ಎರಡಿದ್ದರೆ ಒಂದೊಂದಕ್ಕೆ ಒಂದೊಂದು ಸುದ್ದಿ.

ಊರಿಗೆ ಬಂದು ಕಾದೆ. ಬೂದುಗುಂಬಳದ ಹಾಗೆ ಸುಮ್ಮನೆ ಕೂತು ಕಾಯುವುದು ನನ್ನ ಜಾಯಮಾನ ಅಲ್ಲ, ಆದರೂ ಕಾದೆ. ಶಿವಣ್ಣ ಬಂದು ಕೊಟ್ಟಿಗೆಯ ಉದ್ದಗಲಕ್ಕೆ ಓಡಾಡಿ, ಮೇವಿನ ತೊಟ್ಟಿ ತೋರಿಸಿ, "ಈ ಗ್ವಾದ್ಲಿ ಕಿತ್ತಾಕ್ಬೇಕು ಕಣಕ್ಕ" ಅಂತ ನನ್ನ ಎದುರೇ ಹೇಳಿದ. ಕೀಳೋಣ ಬಿಡು ಅಂದೆ. ಸಂಕ್ರಾಂತಿ ಹತ್ತಿರಕ್ಕೆ ಬಂತು. ಎಳ್ಳು ಹುರಿದಾಯಿತು. ಫೋನು ಬರಲಿಲ್ಲ. ಆ ಮುದುಕಿಯ ಹಸುವಿಗೂ ನನ್ನ ಗಂಡನಿಗೂ ಏನೋ ಒಳಒಪ್ಪಂದ ಇರಬೇಕು ಅನ್ನಿಸಿತು.

ಕೊನೆಗೆ ಒಂದು ಮಧ್ಯಾಹ್ನ ಗೌರಮ್ಮನೇ ಬಾಗಿಲಿಗೆ ಬಂದು ಕೂಗಿದಳು. "ಚಿಕ್ಕತಾಯಕ್ಕಾ, ನಿಮ್ಮ ತಮ್ಮನ ಫೋನು. ಬೇಗ ಬನ್ನಿ." ಎಷ್ಟು ಕಾಳಜಿ ನೋಡಿ. ನಾನು ಹೋಗುವಷ್ಟರಲ್ಲಿ ಅವಳು ಒಳಗೆ ಸೇರಿದ್ದಳು.

ರಿಸೀವರನ್ನು ಸೆರಗಿನಲ್ಲಿ ಒರೆಸಿ ಹಿಡಿದೆ. "ಅಕ್ಕಾ, ನಾಗಮಂಗಲದಿಂದಾಚೆ ಒಂದ್ ಅಸ ಅದೆ. ಕೆಚ್ಚಲು ನೋಡಿದ್ರೆ ಕೊಡ ಇದ್ದಂಗದೆ" ಅಂದ ಕಿಟ್ಟ. ಕೆಚ್ಚಲಿನ ಬಗ್ಗೆ ಹೇಳಿದ, ಕಾಲಿನ ಬಗ್ಗೆ ಹೇಳಲಿಲ್ಲ. ಸುಳ್ಳು ಅನ್ನುವುದಕ್ಕೆ ಅದರಲ್ಲಿ ಒಂದಕ್ಷರ ಇಲ್ಲ.

"ಯಾರ ಮನೇದ್ಲಾ?" ಅಂತ ಎಂದಿನ ಹಾಗೇ ಕೂಗಿದೆ. ಮನೆಯ ಗುರುತನ್ನು ಬಿಡಿಸಿ ಬಿಡಿಸಿ ಹೇಳಿದ. "ನಾನ್ ಬರೋ ಗಂಟ ಯಾರ್ಗೂ ಕೊಡ್ಬ್ಯಾಡಿ ಅಂತ ಹೇಳ್ಲಾ. ನಾಳಿಕ್ ಬತ್ತೀನಿ" ಅಂದೆ. ಎಲ್ಲಿಗೆ ಬರುತ್ತೇನೆ ಅಂತ ಹೇಳಲಿಲ್ಲ. ಒಳಗಿನಿಂದ ಉಸಿರು ಬಿಟ್ಟ ಸದ್ದು ತಂತಿಯಲ್ಲಿ ಕೇಳಿಸಿತು. ಫೋನನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸಿ ಬಂದೆ. ನಾನು ಮನೆಯ ಹೊಸಲು ದಾಟುವುದರೊಳಗೆ ಶಿವಣ್ಣನ ಸ್ಕೂಟರು ಹೊರಟ ಸದ್ದಾಯಿತು.

ಬೆಳಗಿನ ಬಸ್ಸಿಗೆ ನಾನು ಹೊರಟೆ. ಹೊಸಹೊಳಲಿನಲ್ಲಿ ಹಸು ನೋಡಿದೆ. ಕಪ್ಪು ಬಿಳುಪಿನದು, ಮುಖದಲ್ಲಿ ಸೌಮ್ಯ, ಪಕ್ಕದಲ್ಲಿ ಹೆಣ್ಣುಗರು. ಕೆಚ್ಚಲಿಗೆ ಕೈ ಹಾಕಿದರೆ ಮಿಸುಕಲಿಲ್ಲ.

ಪುಟ್ಟಲಕ್ಷ್ಮಮ್ಮ ಮಾತ್ರ ಮಿಸುಕಿದಳು. "ದಲ್ಲಾಳಿಗ್ ಗಿಲ್ಲಾಳಿಗ್ ಮಾರ್ಬುಟ್ಟೀಯ. ನಾನ್ ಸಾಕಿದ್ ಅಸ ಊರೂರ್ ತಿರುಗ್ಬಾರ್ದು."

"ದಲ್ಲಾಳಿ ಕಣ್ ತಪ್ಸೇ ಇಲ್ಲಿಗ್ ಬಂದಿರೋಳು ನಾನು. ಬೆಲೆ ಹೇಳವ್ವ."

ಸುತ್ತ ಮೂರು ನಾಲ್ಕು ಜನ ಸೇರಿದ್ದರು. ಮುದುಕಿ ಅವರ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ಟವೆಲ್ ಎಲ್ಲಿಂದ ತರುವುದು. ನನ್ನ ಸೆರಗನ್ನೇ ಇಬ್ಬರ ಕೈಗಳ ಮೇಲೆ ಹೊದಿಸಿದೆ. ಗಂಡಸರು ಬಾಯಿ ತೆರೆದುಕೊಂಡು ನೋಡಿದರು. "ಎಂಗಸ್ರೂ ಬೆರಳಿಡಿಯೋಕ್ ಶುರು ಮಾಡುದ್ರಲ್ಲಪ್ಪ" ಅಂದ ಒಬ್ಬ. "ಒಲೇಲಿ ಬೆರಳು ಸುಟ್ಕಳೋದ್ ಒಂದೇ ಅಲ್ಲ ಕಣ್ಲಾ ನಮ್ ಕೆಲ್ಸ" ಅಂದಳು ಮುದುಕಿ, ನನ್ನ ಬೆರಳು ಒತ್ತುತ್ತಾ. ಒತ್ತು ಗಟ್ಟಿಯಾಗಿಯೇ ಇತ್ತು. ನಾನು ಒಂದು ಬೆರಳು ಬಿಡಿಸಿಕೊಂಡೆ. ಅವಳು ಮತ್ತೆ ಹಿಡಿದಳು. ಮತ್ತೆ ಬಿಡಿಸಿಕೊಂಡೆ. "ಆಗ್ಲಿ ಬುಡು, ಓಗ್ಲಿ" ಅಂದು ಕೈ ಬಿಟ್ಟಳು. ಎಷ್ಟಕ್ಕೆ ಅಂತ ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಇಲ್ಲೂ ಬರೆಯುವುದಿಲ್ಲ.

ಬೆಲ್ಲ ಇಳಿಸಿ ಖಾಲಿ ವಾಪಸ್ಸು ಬರುತ್ತಿದ್ದ ಟೆಂಪೋದಲ್ಲಿ ಹಸುವನ್ನೂ ಕರುವನ್ನೂ ಹತ್ತಿಸಿಕೊಂಡು, ನಾನೂ ಹಿಂದೆಯೇ ನಿಂತುಕೊಂಡು ಬಂದೆ. ಚಿನಕುರಳಿ ದಾಟುವಾಗ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ನೋಡಿದರು. ನಾನೂ ನೋಡಿದೆ. ಮಹಾರಾಣಿಯವರ ಸಾರೋಟು ಏನಿದ್ದರೂ ಆ ಟೆಂಪೋದ ಮುಂದೆ ಕಮ್ಮಿ.

ಊರು ಮುಟ್ಟಿದಾಗ ಸಂಜೆ. ಕೊಟ್ಟಿಗೆಯ ಮುಂದೆ ಇಳಿಸಿದರೆ ಒಳಗೆ ಸಾಲಾಗಿ ಹೊಸ ಗೂಟ. ಒಂದೊಂದಕ್ಕೂ ಹೊಸ ಹಗ್ಗ. ನಾನು ಈ ಸಲವೂ ಬರಿಗೈಯಲ್ಲಿ ಬರುವುದು ಖಂಡಿತ ಅಂತ ಶಿವಣ್ಣ ನಾಗಮಂಗಲಕ್ಕೆ ಹೊರಡುವಾಗಲೇ ಆಳಿಗೆ ಹೇಳಿ ಬೆಳಿಗ್ಗೆ ಹೊಡೆಸಿದ್ದ. ಮನೆಯವರು ಬಾಗಿಲಲ್ಲಿ ನಿಂತು ಹಸುವನ್ನೂ ನೋಡಿದರು, ಗೂಟವನ್ನೂ ನೋಡಿದರು.

"ತಂದೇ ಬುಟ್ಟಾ?" ಅಂದರು.

"ತಂದೆ."

ಹಸು ನೋಡಲು ಬೀದಿಯವರೆಲ್ಲ ಬಂದರು. ಬೋರೇಗೌಡರೂ ಬಂದು, "ಒಳ್ಳೇ ರಾಸು ಕಣಮ್ಮ" ಅಂದರು. ಅಷ್ಟರಲ್ಲಿ ಶಿವಣ್ಣ ಬಂದ. ನಡಿಗೆ ಸೊಟ್ಟ. ಬಲಗಾಲಿನ ಮೊಣಕಾಲಿಗೆ ಬಟ್ಟೆ ಕಟ್ಟಿತ್ತು. ಮಹಾಲಕ್ಷ್ಮಿಯನ್ನು ಕೊಂಡದ್ದಾಗಿತ್ತು, ಅವಳ ಪ್ರಸಾದವೂ ಸಿಕ್ಕಿತ್ತು. ನನ್ನ ಹಸುವನ್ನು ಕಂಡು ಅವನಿಗೆ ತಲೆ ತಿರುಗಿತು.

"ಅಕ್ಕಾ, ನೀನು ನಾಗಮಂಗಲಕ್ ಓಗ್ಲಿಲ್ವಾ?"

"ನಾಗಮಂಗಲದಲ್ ನಂಗೇನ್ ಕೆಲ್ಸ ಶಿವಣ್ಣ?"

"ಮತ್ತೆ ಫೋನಲ್ಲಿ ನಿನ್ ತಮ್ಮ..." ಅಂದವನು ಅಲ್ಲಿಗೆ ನಿಂತ.

"ಏನ್ ಹೇಳ್ದ ನನ್ ತಮ್ಮ? ನೀನು ಅವಾಗ ಜಗಲೀಲಿ ಇರ್ನಿಲ್ವಲ್ಲ."

ಮಾದಮ್ಮ ಅಯ್ಯಯ್ಯೋ ಅಂದಳು, ಬಹುಶಃ ಧರ್ಮದ ಫೋನಿನಲ್ಲಿ ತಾನು ಇದುವರೆಗೆ ಏನೇನು ಆಡಿದ್ದೆ ಅಂತ ಲೆಕ್ಕ ಹಾಕಿಕೊಂಡಿರಬೇಕು. ಬೋರೇಗೌಡರು ಬಾಮೈದನ ಮುಖ ನೋಡಿ, ಹೆಗಲ ಮೇಲಿನ ಟವೆಲ್ ಕೊಡವಿ, ಮನೆಗೆ ಹೋದರು. ಅಡುಗೆಮನೆಯ ಕೆಂಪು ಫೋನನ್ನು ತಾವೇ ಕಿತ್ತು ಹಾಕಿದರು ಅಂತ ಆಮೇಲೆ ತಿಳಿಯಿತು. ಜಗಲಿಯದನ್ನು ಹಾಗೇ ಬಿಟ್ಟರು. ಧರ್ಮ ಅವರದ್ದು, ಕಿವಿ ಅವರದ್ದಲ್ಲ. ನಾನೂ ಆ ಫೋನು ಬಳಸುವುದನ್ನು ಬಿಡಲಿಲ್ಲ. ಬಾವಿಯಲ್ಲಿ ಹಾವು ಕಂಡಿತು ಅಂತ ನೀರು ಕುಡಿಯುವುದನ್ನು ಬಿಡುತ್ತಾರೆಯೆ. ಮದುವೆ ಮುಂಜಿ, ಮಳೆ ಬಂತಾ, ಮಗು ನಡೀತದಾ, ಅದನ್ನೆಲ್ಲ ಅದರಲ್ಲೇ ಕೂಗಿದೆ. ಬೆಲೆಯ ಮಾತು ಬಂದರೆ ಬಸ್ಸು ಹತ್ತಿದೆ.

ಆ ಸಂಜೆ ಮನೆಯವರು ಹಸುವಿನ ಬೆನ್ನು ಸವರುತ್ತಾ, "ಗೂಟ ಇರ್ಲಿ ಬುಡು, ಅವ್ನೇ ಬಂದು ಕಿತ್ಕಂಡ್ ಓಯ್ತಾನೆ" ಅಂದರು.

ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಮೊದಲು ಆ ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿತ್ತೆ. ಗಟ್ಟಿಯಾಗಿ ಹೊಡೆಸಿದ್ದ, ಬೆವರು ಇಳಿಯಿತು. ಹಗ್ಗಗಳನ್ನು ಸುತ್ತಿ ಬೋರೇಗೌಡರ ಜಗಲಿಯ ಮೇಲೆ ಇಟ್ಟು ಬಂದೆ. ಗೂಟಗಳನ್ನು ಮಾತ್ರ ಕೊಡಲಿಯಲ್ಲಿ ಸೀಳಿ, ಒಲೆಗೆ ತುರುಕಿ, ಗಿಣ್ಣು ಕಾಯಿಸಿದೆ. ಜಾಲಿ ಮರ. ಚೆನ್ನಾಗಿ ಉರಿಯಿತು.